ದಿವಾಕರ ದಾಟಿಸಿದ ಒಂಬತ್ತು ಟ್ರೌಟ್

ದಿವಾಕರ ಮೀನು ಹಿಡಿಯುತ್ತಾನೆ, ಆದರೆ ಮನೆಗೆ ತರುವುದಿಲ್ಲ. ಇದನ್ನು ಅವನ ಹೆಂಡತಿ ಚಂದ್ರಪ್ರಭಾ ನೆದರ್‌ಲ್ಯಾಂಡ್ಸಿನ ಬೆಸ್ಟ್ ಎಂಬ ಊರಿನ ಕನ್ನಡದವರಿಗೆಲ್ಲ ಹೇಳಿ ಮುಗಿಸಿದ್ದಾಳೆ. "ಗಂಗಾಮತಸ್ಥರ ಮನೆಗೆ ಕೊಡ್ತಿದಾರೆ, ದಿನಾ ಮೀನ್ ಸಾರು ಅಂದ್ಕೊಂಡಿದ್ದೆ ಕಣ್ರೀ. ಈ ಮಹಾರಾಯ ಹಿಡಿದು, ಮುದ್ದು ಮಾಡಿ, ವಾಪಸ್ ನೀರಿಗೆ ಬಿಟ್ಟು ಬರ್ತಾರೆ. ನಾನು ಸೂಪರ್‌ಮಾರ್ಕೆಟ್ಟಿಂದ ಫ್ರೋಜನ್ ತರಬೇಕು!" ದಿವಾಕರ ನಗುತ್ತಾನೆ. ನಗದೆ ಏನು ಮಾಡಿಯಾನು, ಅವಳು ಹೇಳುವುದೆಲ್ಲ ನಿಜ.

ಅವನಿಗೀಗ ನಲವತ್ತೇಳು. ಹುಟ್ಟಿದ್ದು ಶ್ರೀರಂಗಪಟ್ಟಣದ ಕೆಳಗಿನ ಕಾವೇರಿ ದಡದಲ್ಲಿ. ಅಪ್ಪನದು ಹರಿಗೋಲು, ಬಲೆ. ಮಗನದು ಡಿಪ್ಲೊಮಾ, ಎಂಜಿನಿಯರಿಂಗ್, ಈಗ ಹನ್ನೆರಡು ವರ್ಷದಿಂದ ಐಂಡ್‌ಹೋವನ್ ಕಡೆಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಟೆಸ್ಟಿಂಗ್. ಹೊಳೆ ಬಿಟ್ಟು ಬಂದರೂ ಹೊಳೆಯ ಹುಚ್ಚು ಬಿಡಲಿಲ್ಲ. ಶನಿವಾರ ಬಂತೆಂದರೆ ಗಾಳ ಕಾರಿಗೆ ಹಾಕಿಕೊಂಡು, ಒಂದು ಗಂಟೆ ಓಡಿಸಿ, ಲಿಂಬರ್ಗ್ ಪ್ರಾಂತ್ಯದ ಒಂದು ಪುಟ್ಟ ನದಿಯ ಹತ್ತಿರ ಹಾಜರ್. ಆ ನದಿಗೆ ಮೂರು ಬಾಗಿಲಿನ ಒಂದು ಅಣೆಕಟ್ಟು. ನಮ್ಮ ಕಡೆಯ ಅಣೆಕಟ್ಟು ನೋಡಿದವರಿಗೆ ಅದು ಆಟದ ಸಾಮಾನು, ಆದರೆ ಕೆಳಗಿನ ನೀರೆಲ್ಲ ಅದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಊರ್ಮಿಳಾ ಸಿಕ್ಕಿದ್ದು ಅಲ್ಲೇ, ಹೋದ ನವೆಂಬರಿನಲ್ಲಿ. ಧಾರವಾಡದ ಹುಡುಗಿ, ಇಲ್ಲಿ ಮೀನಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಆ ನದಿಯಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಮೊಟ್ಟೆಯಿಟ್ಟು ಒಂದು ತಲೆಮಾರೇ ಕಳೆದಿತ್ತಂತೆ. ಈ ಚಳಿಗಾಲ ಮತ್ತೆ ಬಂದಿವೆ ಎಂದು ಅವಳಿಗೆ ಕಾಲು ನೆಲದ ಮೇಲಿರಲಿಲ್ಲ. ಚಳಿಗಾಲದಲ್ಲಿ ಟ್ರೌಟ್ ಹಿಡಿಯುವುದು ನಿಷಿದ್ಧ. ಆದರೆ ಸಂಶೋಧನೆಗೆಂದು ಅವಳಿಗೆ ಪರ್ಮಿಟ್ ಇತ್ತು, ಅದರಲ್ಲಿ ದಿವಾಕರನ ಹೆಸರನ್ನೂ ಸೇರಿಸಿದಳು. ಅವನು ದಡದಲ್ಲಿ ನಿಂತು, ಮುಳ್ಳಿಲ್ಲದ ಕೊಕ್ಕೆಯನ್ನು ಮಡುವಿನ ತಳಕ್ಕೆ ಇಳಿಸಿ, ಆಮೆ ನಡೆದ ಹಾಗೆ ಎಳೆಯುತ್ತಿದ್ದ. ಚಳಿಗೆ ಟ್ರೌಟ್ ಶುದ್ಧ ಸೋಮಾರಿ. ಬಾಯಿಯ ಹತ್ತಿರ ಬಂದರೆ ಮಾತ್ರ ಕಚ್ಚುತ್ತದೆ. ಕಚ್ಚಿದ್ದನ್ನು ಊರ್ಮಿಳಾ ಅಳೆದು, ಗುರುತು ಹಾಕಿ, ಬಿಡುತ್ತಿದ್ದಳು. ಬೆರಳು ಮರಗಟ್ಟುವ ಆ ಕೆಲಸದಲ್ಲಿ ದಿವಾಕರನಿಗೆ ಸಿಕ್ಕ ಸುಖ ಅವನ ಸಂಬಳದಲ್ಲಿ ಎಂದೂ ಸಿಕ್ಕಿರಲಿಲ್ಲ.

ಒಮ್ಮೆ ಕೇಳಿದ್ದ, "ಮೊಟ್ಟೆ ಎಲ್ಲಿಟ್ಟಿವೆ ತಾಯಿ?"

"ಅದನ್ನಷ್ಟ ಕೇಳಬ್ಯಾಡ್ರಿ ಸರ್. ಗೂಡಿನ ಜಾಗ ಯಾರಿಗೂ ಹೇಳಂಗಿಲ್ಲ ಅಂತ ಪರ್ಮಿಟ್‌ನ್ಯಾಗ ಬರದಾರ."

"ಬಿಡಮ್ಮ, ಗೊತ್ತಿಲ್ವಾ ನಂಗೆ," ಎಂದು ಅವನು ನಕ್ಕ. ಕಾವೇರಿಯವನಿಗೆ ಮೀನಿನ ಬಾಣಂತನ ಯಾರು ಕಲಿಸಬೇಕು? ಗೆಂಡೆಮೀನು ದಡದ ಜೊಂಡಿಗೆ, ಪಾಚಿಗೆ ಮೊಟ್ಟೆ ಅಂಟಿಸುವುದನ್ನು ಅವನು ಚಡ್ಡಿ ಹಾಕುವ ಮೊದಲೇ ಕಂಡಿದ್ದ. ಮಾತು ಅಲ್ಲಿಗೇ ನಿಂತಿತು.

ಜನವರಿಯ ಎರಡನೇ ಶನಿವಾರ ಹೋಗಿ ನೋಡುತ್ತಾನೆ, ನದಿಯೇ ಇಲ್ಲ! ಶುಕ್ರವಾರ ಸಂಜೆ ದುರಸ್ತಿಗೆಂದು ಮೂರೂ ಬಾಗಿಲು ಇಳಿಸಿ, ಕೆಲಸದವರು ವೀಕೆಂಡಿಗೆ ಮನೆಗೆ ಹೋಗಿದ್ದರು. ನಡುಹೊಳೆಯ ನುರುಜುಗಲ್ಲು ಬಯಲಾಗಿ ಬಿದ್ದಿತ್ತು. ಆಚೆ ಬದಿಯಲ್ಲಿ ಕಬ್ಬಿಣದ ತಡೆಗೋಡೆಯ ಬುಡದ ಒಂದು ಗುಂಡಿಯಲ್ಲಿ ಮೊಣಕಾಲುದ್ದವೂ ಇಲ್ಲದ ನೀರು. ಅದರಲ್ಲಿ ಬೆನ್ನು ಹೊರಗೆ ಹಾಕಿಕೊಂಡು ಒದ್ದಾಡುತ್ತಿದ್ದ ಟ್ರೌಟುಗಳು.

ದಿವಾಕರ ನೀರಿನ ಇಲಾಖೆಯ ತುರ್ತು ನಂಬರಿಗೆ ಫೋನ್ ಮಾಡಿದ. ಜನರ ಜೀವಕ್ಕೆ ಅಪಾಯವಿದೆಯೇ ಎಂದರು. ಇಲ್ಲ, ಮೀನಿಗೆ, ಎಂದ. ಹಾಗಾದರೆ ದೂರು ದಾಖಲಾಗಿದೆ ಸ್ವಾಮಿ, ಸೋಮವಾರ ಎಂಟು ಗಂಟೆಗೆ ಬಾಗಿಲು ಎತ್ತುತ್ತೇವೆ, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಊರ್ಮಿಳಾಳಿಗೆ ಆರು ಸಲ ರಿಂಗ್ ಮಾಡಿದ. ಅವಳು ಕೆಲಸದ ಮೇಲೆ ನಾರ್ವೆಗೆ ಹೋಗಿದ್ದಳು, ಫೋನ್ ಆಫ್; ಹೊಳೆ ಆರಿದೆ ಎಂದು ಮೆಸೇಜ್ ಬಿಟ್ಟ.

ಅವನ ಅಪ್ಪನ ಕಾಲದಲ್ಲಿ ಒಂದು ಪದ್ಧತಿಯಿತ್ತು. ಅಣೆಕಟ್ಟಿನ ಬಾಗಿಲು ಹಾಕಿದಾಗ ಗುಂಡಿಯಲ್ಲಿ ಸಿಕ್ಕಿಕೊಂಡ ಮೀನನ್ನು ಅವರ ಮನೆಯವರು ಹಿಡಿದು ಮಾರುತ್ತಿರಲಿಲ್ಲ. ಕೊಡದಲ್ಲಿ ತುಂಬಿ ಮಡುವಿಗೆ ಸಾಗಿಸುತ್ತಿದ್ದರು. ಓಡಲಾರದ್ದನ್ನು ಹಿಡಿಯಲು ನಾಚಿಕೆಯಾಗಬೇಕು ಎನ್ನುತ್ತಿದ್ದ ಅಪ್ಪ. ದಿವಾಕರ ಕಾರಿನಿಂದ ಬಕೆಟ್ ತಂದ. ಎದೆಮಟ್ಟದ ರಬ್ಬರ್ ಬೂಟು ತೊಟ್ಟ. ಇಳಿಯುವ ಮೊದಲು ದಡದ ಜೊಂಡನ್ನು ಒಮ್ಮೆ ನೋಡಿದ, ಪಾಪ, ಮೊಟ್ಟೆ ಇದ್ದೀತು ಎಂದು. ಒಂದು ಎಲೆಯನ್ನೂ ತುಳಿಯದ ಹಾಗೆ ಸುತ್ತಿ ಬಂದು, ನಡುಹೊಳೆಯಲ್ಲಿ ತೊಳೆದಿಟ್ಟಂತೆ ಬೆಳ್ಳಗಿದ್ದ ನುರುಜಿನ ದಾರಿ ಆರಿಸಿಕೊಂಡ. ಅಲ್ಲಿ ಪಾಚಿಯಿಲ್ಲ, ಜಾರುವುದೂ ಇಲ್ಲ. ಒಂದು ಸಲಕ್ಕೆ ಒಂದೇ ಮೀನು, ಈಚೆ ದಡಕ್ಕೆ ತಂದು ಅಣೆಕಟ್ಟಿನ ಮೇಲ್ಗಡೆಯ ನೀರಿಗೆ ಬಿಟ್ಟ. ಒಂಬತ್ತು ಮೀನು, ಹೋಗಿ ಬಂದು ಹದಿನೆಂಟು ಸಲ. ಒಂದೂ ಸಾಯಲಿಲ್ಲ. ಮನೆಗೆ ಬಂದು ಚಂದ್ರಪ್ರಭಾಳ ಮುಂದೆ ಅಂಗೈ ತೋರಿಸಿದ. ಎರಡೂ ಕೆಂಪಗೆ ಊದಿಕೊಂಡಿದ್ದವು. ಅವಳು ಬೈಯುತ್ತಲೇ ಬಿಸಿನೀರು ಕಾಯಿಸಿದಳು, ಬೈಗುಳದಲ್ಲಿ ಹೆಮ್ಮೆಯೂ ಇತ್ತು.

ಭಾನುವಾರ ಮಧ್ಯಾಹ್ನ ಊರ್ಮಿಳಾ ವಿಮಾನ ನಿಲ್ದಾಣದಿಂದ ನೇರ ನದಿಗೇ ಬಂದಳು. ದಿವಾಕರ ಕಾಯುತ್ತಿದ್ದ. ಮೀನಿನ ಸುದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಯೆತ್ತಿ ತಡೆದಳು.

"ನಡು ಹೊಳ್ಯಾಗ ಆ ಬೂಟಿನ ಗುರ್ತು ಯಾರ್ದ್ರಿ ಸರ್?"

"ನಂದೇ ಕಣಮ್ಮ. ಒಂಬತ್ತೂ ದಾಟಿಸ್ದೆ! ಯಾಕೆ?"

ಅವಳು ದಡದ ಅಂಚಿಗೆ ಬೋರಲಾಗಿ ಮಲಗಿ, ತೋಳು ಚಾಚಿ, ಹತ್ತಿರದ ಹೆಜ್ಜೆಯ ನುರುಜನ್ನು ಒಂದೊಂದೇ ಕಲ್ಲಾಗಿ ಸರಿಸಿದಳು. ಗೇಣುದ್ದ ಕೆಳಗೆ, ಇನ್ನೂ ಒದ್ದೆಯಿದ್ದ ಕಲ್ಲುಗಳ ನಡುವೆ, ಸಾಬಕ್ಕಿಯಷ್ಟು ಗಾತ್ರದ ಮೊಟ್ಟೆಗಳು. ನಾಲ್ಕಾರು ಕಿತ್ತಳೆ ಬಣ್ಣದವು. ಮಿಕ್ಕವೆಲ್ಲ ಒಡೆದಿದ್ದವು, ಇಲ್ಲವೇ ಬೆಳ್ಳಗಾಗಿದ್ದವು.

"ಟ್ರೌಟು ಕಲ್ಲಿನ ಬುಡಕ ಇಡ್ತಾವ್ರಿ," ಎಂದಳು. "ಬಾಲದಿಂದ ನುರುಜು ಕೆದರಿ, ಇಟ್ಟು, ಮ್ಯಾಲೆ ಮುಚ್ತಾವು. ಅದಕ್ಕ ಅಲ್ಲಿ ಪಾಚಿ ಇರೂದಿಲ್ಲ. ಹೊಳಿ ಆರಿದ್ರೂ ಒಳಗ ಪಸಿ ಇರ್ತದ, ಎರಡ್ಮೂರು ದಿನ ತಡೀತಿದ್ವು." ಅವಳ ಕಣ್ಣಲ್ಲಿ ನೀರು ಬಂತು. "ನಾಲ್ಕು ಗೂಡು ಇದ್ವು. ಮೂರು ನಿಮ್ಮ ದಾರಿ ಮ್ಯಾಲೆ ಅದಾವ. ತಪ್ಪು ನಂದ್ರಿ ಸರ್. ನಾ ಹೇಳಬೇಕಿತ್ತು."

ದಿವಾಕರ ಒಂಬತ್ತು ಮೀನು ಉಳಿಸಲು ಹೋಗಿ, ಅವು ಯಾವುದಕ್ಕಾಗಿ ಇಲ್ಲಿಯವರೆಗೆ ಈಜಿ ಬಂದಿದ್ದವೋ ಅದನ್ನೇ ಹದಿನೆಂಟು ಸಲ ತುಳಿದಿದ್ದ. ಗೊತ್ತಿಲ್ಲದೆ ಮಾಡಿದೆ ಎಂದುಕೊಂಡರೂ ಕಾಲು ತನ್ನದೇ ಅಲ್ಲವೇ. ಯಾರಾದರೂ ಬೈದಿದ್ದರೆ ಎಷ್ಟೋ ವಾಸಿಯಿತ್ತು; ಈ ಹುಡುಗಿ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಅಳುತ್ತಿದ್ದಳು.

"ನಾಲ್ಕನೇದು?" ಎಂದ.

ಅವಳು ಬೆರಳು ತೋರಿಸಿದಳು. ಆಚೆ, ಗುಂಡಿಗಿಂತ ಸ್ವಲ್ಪ ಈಚೆಗೆ. ಅದನ್ನು ಯಾರೂ ತುಳಿದಿರಲಿಲ್ಲ. ಆದರೆ ರಾತ್ರಿ ಮೈನಸ್ ಆರು ಎಂದಿತ್ತು ಹವಾಮಾನ. ನೀರಿನ ಹೊದಿಕೆಯಿಲ್ಲದೆ ನುರುಜು ಹೆಪ್ಪುಗಟ್ಟಿದರೆ ಒಂದೂ ಉಳಿಯುವುದಿಲ್ಲ. ದಿವಾಕರ ಕಾರಿಗೆ ಓಡಿ ಹಳೆಯ ಕಂಬಳಿ ತಂದ.

"ಹೊದಿಸಿ ಬರ್ತೀನಿ. ತುಳಿದ ದಾರೀಲೇ ಹೋಗ್ತೀನಿ."

"ಆ ಮೂರರಾಗ ಇನ್ನೂ ಅಷ್ಟಿಷ್ಟು ಜೀವ ಅದಾವ್ರಿ. ಈಗ ನೋಡಿದ್ರಲ್ಲ."

"ಬೇರೆ ಕಡೆಯಿಂದ?"

"ನಾ ಎಣಿಸಿದ್ದು ನಾಲ್ಕು. ಎಣಿಸಲಾರದ್ದು ಎಲ್ಲೆಲ್ಲಿ ಅದಾವೋ, ಯಾರಿಗೆ ಗೊತ್ರಿ?"

ಆಚೆಯ ಗೋಡೆ ಎರಡಾಳೆತ್ತರ, ಅಲ್ಲಿಂದ ಎಸೆದರೆ ಕಂಬಳಿ ಎಲ್ಲೋ ಬೀಳುತ್ತದೆ. ಇಲಾಖೆಗೆ ಮತ್ತೆ ಫೋನ್ ಮಾಡಿದರು. ದೂರು ಆಗಲೇ ದಾಖಲಾಗಿದೆ ಎಂಬ ಉತ್ತರವೇ ಮತ್ತೆ ಬಂತು. ದಿವಾಕರ ಒಂದು ಕಾಲನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟ, ಮತ್ತೆ ಮೇಲೆ ಎಳೆದುಕೊಂಡ. ಎರಡು ಸಲ ಹೀಗೆ ಮಾಡಿದ. ಆಮೇಲೆ ಕಂಬಳಿಯನ್ನು ಎದೆಗವುಚಿಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ. ಊರ್ಮಿಳಾ ಪಕ್ಕದಲ್ಲಿ ಕೂತಳು. ಐದು ಗಂಟೆಗೆ ಬೆಳಕು ಹೋಯಿತು. ಕತ್ತಲಾಗುವ ಮೊದಲೇ ಕಲ್ಲುಗಳ ಮೇಲೆ ಹಿಮದ ಬಿಳಿ ಕೂರತೊಡಗಿತ್ತು, ಮೊದಲು ದಡದ ಹತ್ತಿರ, ಆಮೇಲೆ ನಡುಹೊಳೆಯಲ್ಲಿ, ಆಮೇಲೆ ಆಚೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ಎತ್ತಿದರು. ಕೊಟ್ಟ ಮಾತಿಗೆ ಒಂದು ನಿಮಿಷವೂ ತಪ್ಪಲಿಲ್ಲ.