ಉಲ್ಲೇಖಪಟ್ಟಿಯಲ್ಲಿ ನಮ್ಮತ್ತೆ

ನಾನು ಎರಡು ಸಲ ಕದ್ದಿದ್ದೇನೆ. ಮೊದಲ ಸಲ ಸಿಕ್ಕಿಬಿದ್ದೆ, ಎರಡನೇ ಸಲ ಶಹಭಾಸ್ ಅನ್ನಿಸಿಕೊಂಡೆ.

ಮಗಳು ಕಾಲೇಜು ಸೇರಿದ ವರ್ಷವೇ, ನಲವತ್ತಾರು ದಾಟಿದ ನಾನೂ ಡ್ಯಾಲಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್‌ಗೆ ಸೇರಿದೆ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಗೈಡಿನ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದವರಿಗೇ ಪೂರ್ತಿ ಅಂಕ. ಇಲ್ಲಿ ಹಾಗೆಲ್ಲ ನಡೆಯುವುದಿಲ್ಲ ಎಂದು ಮಗಳು ಎಚ್ಚರಿಸಿದ್ದಳು. ಸರಿ, ಬುದ್ಧಿ ಉಪಯೋಗಿಸಿದೆ. ಲೇಖನವೊಂದನ್ನು ಮುಂದಿಟ್ಟುಕೊಂಡು ಪ್ರತಿ ಸಾಲಿನಲ್ಲೂ ಎರಡೆರಡು ಪದ ಬದಲಾಯಿಸಿದೆ. ಲೇಖಕರು ಹಿಂದೆ ಹೇಳಿದ್ದನ್ನು ನಾನು ಮುಂದೆ ಹೇಳಿದೆ. ಸೀರೆ ಅದೇ, ರವಿಕೆ ಮಾತ್ರ ಬೇರೆ. ಯಾವ ಮಹಾರಾಯ ಕಂಡುಹಿಡಿಯುತ್ತಾನೋ ನೋಡೋಣ ಎಂದು ಜಂಬದಿಂದಲೇ ಕಳಿಸಿದೆ.

ಕಂಡುಹಿಡಿಯಲು ಮಹಾರಾಯರು ಬೇಕಿರಲಿಲ್ಲ, ಸಾಫ್ಟ್‌ವೇರ್ ಇತ್ತು. ಪ್ರಬಂಧ ವಾಪಸು ಬಂದಾಗ ಮುಕ್ಕಾಲು ಪಾಲು ಹಳದಿ ಬಳಿದುಕೊಂಡು, ಅರಿಶಿನದ ಶಾಸ್ತ್ರಕ್ಕೆ ಕೂತ ಮದುಮಗಳ ಹಾಗೆ ಹೊಳೆಯುತ್ತಿತ್ತು. ನನಗಿಂತ ಹತ್ತು ವರ್ಷ ಚಿಕ್ಕವರಾದ ಪ್ರೊಫೆಸರ್ ನನ್ನನ್ನು ಕರೆಸಿದರು. ಪದ ಬದಲಾಯಿಸಿದರೆ ಮಾತು ನಿಮ್ಮದಾಗುವುದಿಲ್ಲ, ಬೇರೆಯವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಬರೆದರೂ ಅದು ಯಾರದೆಂದು ಹೇಳಲೇಬೇಕು ಎಂದರು. ಇನ್ನೊಂದು ಸಲ ಹೀಗಾದರೆ ಇದು ಶಿಸ್ತು ಸಮಿತಿಗೆ ಹೋಗುತ್ತದೆ, ಕೋರ್ಸಿನಿಂದಲೇ ಹೊರಗೆ ಹಾಕಬಹುದು ಎಂದೂ ಸೇರಿಸಿದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆಮೇಲೆ ಅವರೇ ಒಂದು ಉಪಾಯ ಹೇಳಿಕೊಟ್ಟರು. ಲೇಖನ ಓದಿ ಮುಚ್ಚಿಡಿ, ಮನೆಯಲ್ಲಿ ಯಾರಿಗಾದರೂ ವಿವರಿಸಿ ಹೇಳಿ, ಹೇಳಿದ್ದನ್ನು ಬರೆಯಿರಿ.

ಡ್ಯಾಲಸ್ ಪಕ್ಕದ ಪ್ರಾಸ್ಪರ್‌ನ ನಮ್ಮ ಮನೆಯಲ್ಲಿ ಹೇಳಿಸಿಕೊಳ್ಳುವವರು ಯಾರು? ಮಗಳು ಹಾಸ್ಟೆಲ್‌ನಲ್ಲಿ. ಗಂಡನ ಆಫೀಸು ದೂರದ ಆಸ್ಟಿನ್‌ನ ಡೊಮೇನ್ ಬಡಾವಣೆಯಲ್ಲಿ, ವಾರದಲ್ಲಿ ಮೂರು ದಿನ ಅವರು ಅಲ್ಲೇ. ಉಳಿದವರು ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ. ಅವರಿಗೆ ಇಂಗ್ಲಿಷ್ ಬಾರದು. ಸುದ್ದಿ ಮಾತ್ರ ಎಲ್ಲ ಬೇಕು, ಊರಿಗೆ ಫೋನ್ ಮಾಡಿ ತಿಳಿದುಕೊಂಡು ತಾವು ಹೇಳುವ ಸುದ್ದಿಗೋ ವಂಶಾವಳಿಯೇ ಇರುತ್ತಿತ್ತು.

"ಮೂಲಿಮನಿ ಸೊಸಿ ತವರಿಗೆ ಹೋಗ್ಯಾಳಂತ. ನಾ ಹೇಳಿದ್ದಲ್ಲವಾ, ಹಾಲಿನಾಕಿ ಹೇಳಿದ್ದು. ಆಕೀಗೆ ಎದುರುಮನಿ ಆಂಟಿ ಹೇಳಿದ್ಲಂತ."

"ಅತ್ತೆ, ಯಾರು ಹೇಳಿದ್ರೆ ಏನೀಗ? ಸೊಸೆ ವಾಪಸ್ ಬಂದ್ಲೋ ಇಲ್ವೋ ಅದನ್ನ ಹೇಳಿ," ಎಂದು ನಾನು ರೇಗುತ್ತಿದ್ದೆ.

ಎರಡನೇ ಪ್ರಬಂಧ ಸಕ್ಕರೆ ಕಾಯಿಲೆಯವರ ಕುರಿತು. ಡಾಕ್ಟರು ಹೇಳಿದ ಪಥ್ಯವನ್ನು ವಯಸ್ಸಾದವರು ಏಕೆ ಪಾಲಿಸುವುದಿಲ್ಲ? ಮೂರು ಲೇಖನ ಓದಿ, ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಹೋದೆ. ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನೂ ಒಂದು ಕಟ್ಟು ಹಿಡಿದು ಕೂತು, ತಿಳಿವಳಿಕೆ ಕಡಿಮೆ, ಬಾಯಿಚಪಲ, ದುಬಾರಿ ತರಕಾರಿ ಎಂದು ಲೇಖನಗಳ ಸಾರವನ್ನೆಲ್ಲ ಒಪ್ಪಿಸಿದೆ. ಅತ್ತೆ ದಂಟು ಮುರಿಯುತ್ತ ಕೇಳಿಸಿಕೊಂಡರು.

"ಇಷ್ಟ ಏನು? ಡಾಕ್ಟರ್ ತಾಟಿನ್ಯಾಗ ಏನೈತಿ ಅಂತ ಕೇಳ್ತಾನ. ಬಡಸಾಕಿ ಯಾರು ಅಂತ ಕೇಳಂಗಿಲ್ಲ. ಪಥ್ಯ ಹೇಳೂದು ಗಂಡಗ, ಅನ್ನ ಹಾಕಾಕಿ ಹೇಣ್ತಿ. ಆಕೀಗೆ ಯಾರ ಹೇಳ್ಯಾರ? ಮತ್ತ ಇದನ್ನ..."

ಪೂರ್ತಿ ಕೇಳುವಷ್ಟು ವ್ಯವಧಾನ ಯಾರಿಗಿತ್ತು? ಸೊಪ್ಪು ಅಲ್ಲೇ ಬಿಟ್ಟು ಮಹಡಿಗೆ ಓಡಿದೆ. ಒಂದೇ ಉಸಿರಿಗೆ ಬರೆದು ಮುಗಿಸಿದೆ. ಮೂರು ಲೇಖನಗಳಿಗೂ ಶಿಸ್ತಾಗಿ ಉಲ್ಲೇಖ ಕೊಟ್ಟೆ. ಬಡಿಸುವವಳ ವಿಚಾರದ ಮುಂದೆ ಯಾರ ಹೆಸರೂ ಇಲ್ಲ. ಸಾಫ್ಟ್‌ವೇರ್ ಎಲ್ಲೂ ಹಳದಿ ಬಳಿಯಲಿಲ್ಲ. ಪಾಪ, ನಮ್ಮ ಅಡುಗೆಮನೆ ಅದಕ್ಕೇನು ಗೊತ್ತು?

ಪ್ರೊಫೆಸರ್ ಅಂಚಿನಲ್ಲಿ ಬರೆದಿದ್ದರು: ಇದು ನಿಮ್ಮ ಸ್ವಂತ ಯೋಚನೆ, ನನಗೆ ಬೇಕಾಗಿದ್ದದ್ದು ಇದೇ. ಇದನ್ನೇ ಪೋಸ್ಟರ್ ಮಾಡಿ ಹ್ಯೂಸ್ಟನ್‌ನಲ್ಲಿ ವಿದ್ಯಾರ್ಥಿಗಳು ಸೇರುವ ಸಭೆಗೆ ತನ್ನಿ ಎಂದೂ ಇತ್ತು. ಕುಣಿದಾಡುತ್ತ ಕೆಳಗಿಳಿದು ಅತ್ತೆಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. 'ಸ್ವಂತ' ಅನ್ನುವಾಗ ನಾಲಿಗೆ ಸ್ವಲ್ಪ ತೊಡರಿತು. ಅತ್ತೆಗೆ ಅದು ತಮ್ಮ ಬಾಯಿಂದ ಬಂದ ಮಾತೆಂದು ಹೊಳೆಯಲೇ ಇಲ್ಲ, ಅಥವಾ ಹೊಳೆದರೂ ತೋರಿಸಿಕೊಳ್ಳಲಿಲ್ಲ.

"ಭಾಳ ಶ್ಯಾಣ್ಯಾಕಿ ಅದಿ ನೋಡವಾ," ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಮೊದಲ ಪ್ರಬಂಧ ಹಳದಿ ಬಳಿಸಿಕೊಂಡು ಬಂದಾಗಲೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ನಾಲ್ಕು ದಿನ ಒದ್ದಾಡಿದೆ. ಒಪ್ಪಿಕೊಂಡರೆ ಇದು ಎರಡನೇ ತಪ್ಪು, ಸಮಿತಿಯೇ ಗತಿ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕಡೆಗೆ ಪ್ರೊಫೆಸರ್ ಕೋಣೆಗೆ ಹೋಗಿ, ಅದು ನನ್ನದಲ್ಲ, ನಮ್ಮತ್ತೆಯದು ಎಂದುಬಿಟ್ಟೆ. ಅವರು ನನ್ನ ಪ್ರಬಂಧ ತೆಗೆದು ಆ ಪುಟವನ್ನು ಮತ್ತೊಮ್ಮೆ ಓದಿದರು. ನಾನು ಮನಸ್ಸಿನಲ್ಲೇ ಬ್ಯಾಗು ಕಟ್ಟಿದೆ. ನೀವಾಗಿಯೇ ಬಂದು ಹೇಳಿದ್ದೀರಿ, ತಿದ್ದಿ ಕೊಡಿ ಸಾಕು ಎಂದರು. ಬಾಯಿಮಾತಿನಲ್ಲಿ ಕೇಳಿದ್ದಕ್ಕೂ ಉಲ್ಲೇಖ ಕೊಡುವ ಕ್ರಮವಿದೆಯಂತೆ, ಹೇಳಿದವರ ಹೆಸರು, ಹೇಳಿದ ದಿನ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಪೋಸ್ಟರ್ ಪ್ರಿಂಟ್ ಆಗಿ ಬಂದ ಸಂಜೆ ಅದನ್ನು ಊಟದ ಮೇಜಿನ ಮೇಲೆ ಹಾಸಿ ಅತ್ತೆಯನ್ನು ಕರೆದೆ. ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾರೆ, ನನ್ನನ್ನು ತಬ್ಬಿಕೊಳ್ಳುತ್ತಾರೆ ಎಂದೆಲ್ಲ ಲೆಕ್ಕ ಹಾಕಿದ್ದೆ. ಅವರು ಕನ್ನಡಕ ಏರಿಸಿ, ನಾನು ತೋರಿಸಿದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಅದು ಯಾಕೆ ಅಲ್ಲಿದೆ ಎಂದು ಕೇಳಿದರು. ಹೇಳಿದೆ.

"ಅಯ್ಯ, ಇದು ನನ್ನ ಮಾತಲ್ಲವಾ! ನಮ್ಮ ಓಣ್ಯಾಗ ನಾಕು ಮನಿಗೆ ಅಡಿಗಿ ಮಾಡಾಕ ಬರ್ತಿದ್ಲಲ್ಲ, ಆಕಿ ಹೇಳಿದ್ದು. ಅವತ್ತ ಹೇಳಾಕಂತ ಬಾಯಿ ತಗದೆ, ನೀ ಪಲ್ಲೆ ಬಿಟ್ಟು ಓಡಿದಿ."

"ಅತ್ತೆ, ಪ್ರಿಂಟ್ ಆಗೋಗಿದೆ. ನಾಳೆ ಬೆಳಿಗ್ಗೆ ಹೊರಡಬೇಕು. ಹ್ಯೂಸ್ಟನ್‌ನಲ್ಲಿ ಯಾರಿಗೆ ಗೊತ್ತಾಗುತ್ತೆ?"

"ಆಕೀಗೆ ಗೊತ್ತಾಗೂದಿಲ್ಲ ಖರೆ. ನನಗ ಗೊತ್ತೈತಲ್ಲ," ಎಂದರು ಅತ್ತೆ.

ನಾನು ಸೋತು ಪೆನ್ನು ತಂದೆ. ಹೆಸರೇನು ಎಂದು ಕೇಳಿದರೆ ಅತ್ತೆಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಓಣಿಯವರೆಲ್ಲ ಅವಳನ್ನು 'ಅಡಿಗ್ಯಾಕಿ' ಎಂದೇ ಕರೆದಿದ್ದರು. ಹುಬ್ಬಳ್ಳಿಯಲ್ಲಿ ಆಗ ಬೆಳಗು. ಅತ್ತೆ ಒಂದಾದ ಮೇಲೊಂದು ಫೋನ್ ಹಚ್ಚಿದರು. ಹಾಲಿನವಳಿಗೆ ಗೊತ್ತಿಲ್ಲ, ಎದುರುಮನೆ ಆಂಟಿಗೂ ಗೊತ್ತಿಲ್ಲ. ಕೊನೆಗೆ ಮೂಲೆಮನೆಯ ಆ ಸೊಸೆ, ತವರಿಂದ ಬಂದಿದ್ದಳಂತೆ, ಅವಳು ಹೇಳಿದಳು. ಅತ್ತೆ ಆ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೇ ದುಂಡಗೆ ಬರೆದು, ಪೋಸ್ಟರ್‌ನಲ್ಲಿ ತಮ್ಮ ಹೆಸರಿನ ಮೇಲೆಯೇ ಅಂಟಿಸಿದರು.

ಹ್ಯೂಸ್ಟನ್‌ನಲ್ಲಿ ನಮ್ಮ ದೇಶದ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ಜೋಳದ ಹಿಟ್ಟು ಕೊಡಿಸುವ ಷರತ್ತಿನ ಮೇಲೆ ಅತ್ತೆಯೂ ಬಂದರು. ಪ್ರೊಫೆಸರ್ ಆ ಚೀಟಿಯನ್ನು ಕಂಡು ಏನೆಂದು ಕೇಳಿದರು. ಹೇಳಿದೆ. ಹೆಸರನ್ನು ಓದಿ ಹೇಳಿ ಎಂದರು, ಓದಿದೆ. ಅವರೂ ಹೇಳಲು ನೋಡಿದರು, ತಪ್ಪಾಯಿತು. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಅವರ ಮುಂದೆ ನಿಂತು, ಆ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ಎರಡನೇ ಸಲವೂ ತಪ್ಪಾಯಿತು. ಮೂರನೇ ಸಲ ಪ್ರೊಫೆಸರ್ ಸರಿಯಾಗಿ ಹೇಳಿದ ಮೇಲೆಯೇ ಅತ್ತೆ ಹಿಟ್ಟು ತರಲು ಹೊರಟರು.