ಮಲ್ಲಿಕಾರ್ಜುನಪ್ಪನವರ ವೀರಗಲ್ಲು

ಶಿಕಾರಿಪುರದಲ್ಲಿ ಪೈಪು, ಮೋಟಾರು ಮಾರುವ ಮಲ್ಲಿಕಾರ್ಜುನಪ್ಪನವರಿಗೆ ಹೊಟ್ಟೆಬಟ್ಟೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಹೆಸರಿಗೆ. ಅದಕ್ಕೇ ವಿಜ್ಞಾನ-ಇತಿಹಾಸ ಬಳಗ ಕಟ್ಟಿ ತಾವೇ ಅಧ್ಯಕ್ಷರಾದರು. ಗ್ರಹಣ ತೋರಿಸುತ್ತೇವೆಂದು ಜನ ಸೇರಿಸಿದರೆ, ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಗ್ರಹಣ ಬಿಟ್ಟಿರುತ್ತಿತ್ತು. ಮಂಗನ ಕಾಯಿಲೆಯ ಬಗ್ಗೆ ಹೇಳಲು ಬಂದ ವೈದ್ಯರಿಗೆ ದಕ್ಕಿದ್ದು ಒಂದು ಶಾಲು, ಹತ್ತು ನಿಮಿಷ. ಜನ ಉಪ್ಪಿಟ್ಟು ತಿಂದು, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು.

ಕಳೆದ ವರ್ಷ ಬಳಗದ ಪ್ರವಾಸ ಸೊರಬ ತಾಲ್ಲೂಕಿನ ಹೊಸಬಾಳೆ ಕಡೆಗೆ ಹೊರಟಿತು. ಅಲ್ಲಿ ಬಯಲಲ್ಲೊಂದು ವೀರಗಲ್ಲು. ಕೆಳಗೆ ಊರ ದನ ಬಿಡಿಸಲು ಕಾದಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈಮುಗಿದು ಕೂತ ಅವನೇ. ಊರಿಗಾಗಿ ಸತ್ತವರಿಗೆ ಮಾತ್ರ ಇಂಥ ಕಲ್ಲು ಎಂದು ಅಧ್ಯಕ್ಷರು ಒಂದು ತಾಸು ಕೊರೆದರು. ಬಂದವರೆಲ್ಲ ಸೆಲ್ಫಿಯಲ್ಲಿ ಮುಳುಗಿದ್ದರು. ಮನಸ್ಸಿಟ್ಟು ಕೇಳಿದವಳು ಒಬ್ಬಳೇ, ಅಲ್ಲಿ ಕುರಿ ಮೇಯಿಸುತ್ತಿದ್ದ ದ್ಯಾಮಮ್ಮ.

ಮರಳುವಾಗ ಮಲ್ಲಿಕಾರ್ಜುನಪ್ಪನವರಿಗೆ ಹೊಟ್ಟೆಯುರಿ ಶುರುವಾಯಿತು. ಯಾವನೋ ದನ ಕಾಯುವವನು ನೂರಾರು ವರ್ಷದಿಂದ ನಿಂತೇ ಇದ್ದಾನೆ; ತಮ್ಮ ಹೆಸರೋ, ಆಮಂತ್ರಣ ಪತ್ರಿಕೆಯ ಜೊತೆ ಬಜ್ಜಿ ಕಟ್ಟಲು ಹೋಗುತ್ತಿದೆ. ತಾವೂ ಕಲ್ಲಲ್ಲಿ ಉಳಿಯಬೇಕು ಎಂದು ಹಟ ತೊಟ್ಟು ಗ್ರಾನೈಟ್ ಕಲ್ಲೊಂದನ್ನು ಮಾಡಿಸಿದರು. ಕೆತ್ತಿದವನು ಸಮಾಧಿಗಳಿಗೆ ಫೋಟೊ ಕೆತ್ತಿ ಕೈ ಪಳಗಿದವನು. ನಡುವೆ ಪೇಟ ಸುತ್ತಿದ ಅಧ್ಯಕ್ಷರು, ಕೆಳಗೆ ದಪ್ಪಕ್ಷರದ ಹೆಸರು. ಬಳಗಕ್ಕೆ ಮೂಲೆಯಲ್ಲಿ ಒಂದು ಸಾಲು. ಆಳುಗಳು ಅದನ್ನು ವೀರಗಲ್ಲಿನ ಮಗ್ಗುಲಲ್ಲೇ ನೆಟ್ಟು, ಬಟ್ಟೆ ಮುಚ್ಚಿ ಬಂದರು. ವಿಜ್ಞಾನ ಬಳಗದ ಅಧ್ಯಕ್ಷರು ಅನಾವರಣಕ್ಕೆ ಪಂಚಾಂಗ ನೋಡಿಸಿದರು. ಒಳ್ಳೆಯ ಮುಹೂರ್ತ ಸಿಕ್ಕಿದ್ದು ಮೂರು ತಿಂಗಳ ಮೇಲೆ.

ಆ ದಿನ ಅಧ್ಯಕ್ಷರು ಎರಡು ಬಸ್ಸು ಜನರೊಂದಿಗೆ ಬಂದಿಳಿದರೆ, ಬಟ್ಟೆ ಯಾವಾಗಲೋ ಗಾಳಿಗೆ ಹಾರಿಹೋಗಿತ್ತು. ಕಲ್ಲಿಗೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಎದುರಿಗೆ ಒಡೆದ ಕಾಯಿ, ಎಲೆಯ ಮೇಲೆ ಎಡೆ. ಎಣ್ಣೆ ಜಿಡ್ಡಿನಲ್ಲಿ ಅಧ್ಯಕ್ಷರ ಕಣ್ಣುಮೂಗು ಒಂದಾಗಿದ್ದವು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇದು ಯಾರ ಕೆಲಸ ಎಂದು ಅಧ್ಯಕ್ಷರು ಗದರಿದಾಗ ದ್ಯಾಮಮ್ಮ ಮುಂದೆ ಬಂದಳು. ಅವರ ಮುಖ ನೋಡಿದಳು, ಕಲ್ಲು ನೋಡಿದಳು, ಮತ್ತೆ ಮುಖ ನೋಡಿದಳು. ಕಲ್ಲು ಕಂಡ ದಿನ ಅತ್ತಿದ್ದಳಂತೆ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಎಡೆ ಇಟ್ಟಿದ್ದಳಂತೆ.

"ಊರಿಗಾಗಿ ಸತ್ತೋರಿಗೆ ಕಲ್ಲು ಹಾಕ್ತಾರೆ ಅಂತ ನೀವೇ ಹೇಳಿದ್ರಲ್ರೀ. ಏನ್ ಮಾಡಿ ಸತ್ರು ಅಂತ ಊರೆಲ್ಲ ಕೇಳ್ದೆ. ಒಬ್ರಿಗೂ ಗೊತ್ತಿರ್ಲಿಲ್ಲ."

"ನಾನಿನ್ನೂ ಬದುಕಿದೀನಮ್ಮ," ಎಂದರು ಮಲ್ಲಿಕಾರ್ಜುನಪ್ಪ. ಅವರ ಜನ್ಮದಲ್ಲೇ ಅಷ್ಟು ಚಿಕ್ಕ ಭಾಷಣ ಅದೊಂದೇ.

ದ್ಯಾಮಮ್ಮ ಅವರ ಕಲ್ಲಿನಿಂದ ಹಾರ ತೆಗೆದು, ಕೊಡವಿ, ಪಕ್ಕದ ವೀರಗಲ್ಲಿಗೆ ಹಾಕಿದಳು.

"ಇವ್ನಾದ್ರೂ ಸತ್ತಿದಾನೆ," ಎಂದಳು.