ಹಳದಿ ಬಾವುಟದ ಕೆಳಗೆ ಕಾದ ಜಲಜಾಕ್ಷಿ

ಅಮೆರಿಕದ ರಾಲಿ ನಗರದ ಲ್ಯಾಬೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿದ ಜಲಜಾಕ್ಷಿ ಅಲ್ಲಿನ ಪೌರತ್ವ ಪಡೆದಿರಲಿಲ್ಲ. ಗಂಡ ತಾರಾನಾಥ ಪಡೆದಿದ್ದರು. ನೀವ್ಯಾಕೆ ಅಪ್ಲೈ ಮಾಡ್ಲಿಲ್ಲ ಎಂದು ಯಾರಾದರೂ ಕೇಳಿದರೆ, "ಮನಸ್ಸು ಬರ್ಲಿಲ್ಲ" ಎನ್ನುತ್ತಿದ್ದರು, ಅಷ್ಟೇ.

2022ರ ಬೇಸಿಗೆಯಲ್ಲಿ ಗೆಳೆಯ ಶೇಷಾದ್ರಿ ತಮ್ಮ ಹಾಯಿದೋಣಿಯಲ್ಲಿ ದಂಪತಿಯನ್ನು ಮೆಡಿಟರೇನಿಯನ್ ಸುತ್ತಿಸಲು ಕರೆದೊಯ್ದರು. ಶೇಷಾದ್ರಿ ಮೈಸೂರಿನವರು, ಈಗ ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿದ್ದಾರೆ. ಇಟಲಿಯ ಸಿಸಿಲಿ ನೋಡಿ, ಟುನೀಶಿಯಾಕ್ಕೆ ಹೋಗಿ, ಅಲ್ಲಿಂದ ವಿಮಾನ ಹಿಡಿಯುವುದೆಂದು ಮಾತಾಗಿತ್ತು. ಭಾರತದ ಪಾಸ್‌ಪೋರ್ಟಿನ ಜಲಜಾಕ್ಷಿಯವರ ಯುರೋಪ್ ವೀಸಾ ಒಂದೇ ಪ್ರವೇಶಕ್ಕೆ ಕೊಟ್ಟದ್ದು. ಸಿಸಿಲಿ ಬಿಟ್ಟೊಡನೆ ಅದು ಮುಗಿಯಿತು.

ಮರುದಿನ ಬೆಳಿಗ್ಗೆ ತಾರಾನಾಥರ ಕೈಯಿಂದ ಕಾಫಿ ಲೋಟ ಜಾರಿತು. ಬಾಯಿ ಒಂದು ಕಡೆಗೆ ವಾಲಿತು. ಶೇಷಾದ್ರಿ ದೋಣಿಯನ್ನು ಮಾಲ್ಟಾದತ್ತ ತಿರುಗಿಸಿ ರೇಡಿಯೋದಲ್ಲಿ ಬಂದರನ್ನು ಕರೆದರು. ಆಂಬುಲೆನ್ಸ್ ಕಾಯುತ್ತದೆ, ಹಳದಿ ಬಾವುಟ ಏರಿಸಿ, ತಪಾಸಣೆ ಮುಗಿಯುವವರೆಗೆ ರೋಗಿಯ ಹೊರತು ಯಾರೂ ಇಳಿಯಬಾರದು ಎಂದು ಉತ್ತರ ಬಂತು. ಹೊರದೇಶದಿಂದ ಬರುವ ದೋಣಿಗಳಿಗೆಲ್ಲ ಅದೇ ನಿಯಮ. ಶೇಷಾದ್ರಿ ಚುಕ್ಕಾಣಿ ಹಿಡಿದಿದ್ದರಿಂದ ಬಾವುಟ ಏರಿಸಿದ್ದು ಜಲಜಾಕ್ಷಿಯೇ.

ದಡದಲ್ಲಿ ಸ್ಟ್ರೆಚರ್ ಬಂದಾಗ ತಾರಾನಾಥ ಎಡಗೈಯಿಂದ ಹೆಂಡತಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಆ ಬೆರಳುಗಳನ್ನು ಜಲಜಾಕ್ಷಿಯೇ ಬಿಡಿಸಬೇಕಾಯಿತು.

ವಲಸೆ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, "ಮಾಲ್ಟಾಕ್ಕೂ ಇದೇ ಯುರೋಪ್ ವೀಸಾ ಬೇಕು, ನಿಮ್ಮದು ಮುಗಿದಿದೆ. ನಿಮ್ಮನ್ನು ಇಳಿಸಲು ನನಗೆ ಅಧಿಕಾರವಿಲ್ಲ. ಮೇಲಿನವರನ್ನು ಕೇಳುತ್ತೇನೆ" ಎಂದ.

"ಶೇಷಾದ್ರಿ ಅವ್ರೇ, ನಿಮ್ಮದು ಅಮೆರಿಕನ್ ಪಾಸ್‌ಪೋರ್ಟ್. ನೀವು ಹೋಗಿ" ಎಂದರು ಜಲಜಾಕ್ಷಿ.

"ನಿಮ್ಮೊಬ್ರನ್ನೇ ಬಿಟ್ಟು ಹೇಗ್ರೀ ಹೋಗ್ಲಿ?"

"ಅವ್ರ ಜೊತೆ ಯಾರಾದ್ರೂ ಇರ್ಬೇಕು. ಹೋಗಿ."

ಶೇಷಾದ್ರಿ ಹೋದ ಮೇಲೆ ದೋಣಿಯಲ್ಲಿ ಒಂಟಿಯಾಗಿ ಕೂತ ಜಲಜಾಕ್ಷಿಯವರಿಗೆ ದಡ ಒಂದು ಹೆಜ್ಜೆಯಷ್ಟೇ ದೂರ. ತಡೆಯುವವರು ಯಾರೂ ಕಾಣಲಿಲ್ಲ. ಎರಡು ಸಲ ಎದ್ದು ನಿಂತರು. ಹಿಡಿದು ವಾಪಸ್ ಕಳಿಸಿದರೆ ಗಂಡನ ಮುಖ ನೋಡುವುದೇ ತಪ್ಪೀತೆಂಬ ಭಯಕ್ಕೆ ಮತ್ತೆ ಕೂತರು.

ಮಧ್ಯಾಹ್ನ ಕಳೆದ ಮೇಲೆ ಅಧಿಕಾರಿ ಅವಸರದಿಂದ ಬಂದ. "ನಿಮ್ಮ ಗಂಡನ ಭಾಷೆ ಯಾವುದು? ಅವರು ಹೇಳುವುದು ವೈದ್ಯರಿಗೂ ತಿಳಿಯುತ್ತಿಲ್ಲ, ನಿಮ್ಮ ಸ್ನೇಹಿತರಿಗೂ ತಿಳಿಯುತ್ತಿಲ್ಲ."

"ತುಳು" ಎಂದರು ಜಲಜಾಕ್ಷಿ. ಪಾರ್ಶ್ವವಾಯು ತಾರಾನಾಥರ ಇಂಗ್ಲಿಷ್, ಕನ್ನಡ ಎರಡನ್ನೂ ಒಯ್ದಿತ್ತು. ತಾಯಿನುಡಿಯೊಂದೇ ಉಳಿದಿತ್ತು.

ಆಸ್ಪತ್ರೆಯವರು ಕೇಳಿಕೊಂಡ ಮೇಲೆ ವಿಶೇಷ ಅನುಮತಿ ಸಿಕ್ಕಿತು. ಅಧಿಕಾರಿಯೇ ಕಾರಿನಲ್ಲಿ ಕರೆದೊಯ್ದ. ಹೆಂಡತಿಯನ್ನು ಕಂಡದ್ದೇ ತಾರಾನಾಥ ತೊದಲಿದರು, "ಈ ಓಲುಲ್ಲ?" ನೀನೆಲ್ಲಿದ್ದೀ ಎಂದು ಬೆಳಗಿನಿಂದ ಅದನ್ನೇ ಕೇಳುತ್ತಿದ್ದರಂತೆ.

"ಮೂಲೇ ಉಲ್ಲೆ," ಇಲ್ಲೇ ಇದ್ದೇನೆ, ಎಂದು ಜಲಜಾಕ್ಷಿ ಹಾಸಿಗೆಯ ಅಂಚಿನಲ್ಲಿ ಕೂತರು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ರಾಲಿಗೆ ಮರಳಿದ ಮೇಲೂ ತಾರಾನಾಥರಿಗೆ ಬೇರೆ ಭಾಷೆ ಬರಲಿಲ್ಲ. ಫೇರ್‌ಫ್ಯಾಕ್ಸ್‌ನಲ್ಲಿದ್ದ ಮಗಳು ಅಪೂರ್ವಾಗೆ ತುಳು ಗೊತ್ತಿರಲಿಲ್ಲ. "ಅಮ್ಮಾ, ಟೀಚ್ ಮಿ. ಅಪ್ಪನ ಜೊತೆ ನಾನೇ ಮಾತಾಡ್ಬೇಕು" ಎಂದು ವೀಕೆಂಡ್‌ಗಳಲ್ಲಿ ಡ್ರೈವ್ ಮಾಡಿಕೊಂಡು ಬರತೊಡಗಿದಳು. ಅವಳು ತಪ್ಪಿದಾಗ ತಾರಾನಾಥ ಅರ್ಧ ಬಾಯಲ್ಲೇ ನಕ್ಕು ತಿದ್ದುತ್ತಿದ್ದರು. ಎರಡು ವರ್ಷದ ನಂತರ ಅವರು ತೀರಿಕೊಂಡ ದಿನ, ಕಿವಿಯ ಬಳಿ ಬಾಗಿ ತುಳುವಿನಲ್ಲಿ ಮಾತಾಡುತ್ತಿದ್ದವಳು ಅಪೂರ್ವಾ.